ನಾಲ್ಕನೇ ವಾಗ್ದಾನ

ಮೂವತ್ತನಾಲ್ಕು ವರ್ಷ ಹೆರಿಗೆ ಮಾಡಿಸಿ, ಸೂಜಿ ಚುಚ್ಚಿ, ಮಾತ್ರೆ ಹಂಚಿ ನಿವೃತ್ತರಾದ ಸಿಸ್ಟರಮ್ಮನಿಗೆ ಸುಮ್ಮನೆ ಕೂರುವುದೊಂದು ಬಿಟ್ಟು ಬೇರೆಲ್ಲ ಕೆಲಸವೂ ಬರುತ್ತಿತ್ತು. ಮನೆ ಸೇರಿದ ಮೂರನೇ ವಾರದೊಳಗೆ ಅಡುಗೆಮನೆಯ ಡಬ್ಬಿಗಳ ಜಾಗವನ್ನು ಎರಡು ಸಲ ಬದಲಿಸಿದ್ದರು. ಉಪ್ಪು ಎಲ್ಲಿದೆ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಅವರ ಗಂಡ ಬಸ್ ಕಂಡಕ್ಟರಾಗಿ ನಿವೃತ್ತರಾದವರು. "ನಾನು ಮೂವತ್ತು ವರ್ಷ ನಿಂತೇ ಇದ್ದೆ, ಈಗ ಕೂತಿದೀನಿ. ನೀನೂ ಕೂತ್ಕೊಳ್ಳೇ. ಮೈಮೇಲೆ ಇರುವೆ ಬಿಟ್ಕೊಂಡಿರೋರ ಹಾಗೆ ಆಡ್ಬೇಡ," ಅಂದರು. ಸಿಸ್ಟರಮ್ಮ ಕೂತರು. ಐದು ನಿಮಿಷ.

ಕೊನೆಗೆ ಟೈರ್ ಅಂಗಡಿಯ ಮಹಡಿ ಮೇಲಿದ್ದ ಒಂದು ಸಣ್ಣ ಕಚೇರಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಸರ್ಕಾರದ ಮೇಲೆ ಕಣ್ಣಿಡುವುದು ಆ ಕಚೇರಿಯ ಕಸುಬು. ಆರು ವರ್ಷದ ಹಿಂದೆ ಹಲವು ದೇಶಗಳವರು ಸೇರಿದ್ದ ದೊಡ್ಡ ಸಭೆಯೊಂದರಲ್ಲಿ ಸರ್ಕಾರ ಎದ್ದು ನಿಂತು, ಕುಟುಂಬ ಯೋಜನೆಯ ಬಗ್ಗೆ ಏಳು ವಾಗ್ದಾನ ಮಾಡಿ ಬಂದಿತ್ತು. ನಾಲ್ಕನೆಯದು ಹೀಗಿತ್ತು: ಮಕ್ಕಳ ನಡುವೆ ಅಂತರ ಬೇಕೆನ್ನುವ, ಅಥವಾ ಇನ್ನು ಮಕ್ಕಳು ಸಾಕೆನ್ನುವ ಹೆಂಗಸಿಗೆ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲೂ ಕಡೇ ಪಕ್ಷ ಐದು ವಿಧಾನಗಳು ಸಿಗಬೇಕು, ಕೊಡಲು ತರಬೇತಿ ಪಡೆದ ಕೈಯೂ ಇರಬೇಕು. ಗಡುವು ಈ ವರ್ಷ. ಸಿಸ್ಟರಮ್ಮ ವಾರಕ್ಕೊಮ್ಮೆ ನಲವತ್ತೆಂಟು ಕೇಂದ್ರಗಳಿಗೆ ಫೋನ್ ಮಾಡಿ ಒಂಬತ್ತು ಪ್ರಶ್ನೆ ಕೇಳಬೇಕು. ಮಾತ್ರೆ ಇದೆಯೇ, ಕಾಂಡೋಮ್ ಇದೆಯೇ, ಮೂರು ತಿಂಗಳ ಇಂಜೆಕ್ಷನ್ ಎಷ್ಟಿದೆ, ಕಾಪರ್-ಟಿ ಹಾಕುವವರು ಇದ್ದಾರೆಯೇ, ಹೀಗೆ. ಉತ್ತರಗಳು ಗೋಡೆಯ ಮೇಲಿನ ಪಟ್ಟಿಯಲ್ಲಿ ಬಣ್ಣದ ಚುಕ್ಕಿಗಳಾಗುತ್ತಿದ್ದವು. ಹಸಿರೆಂದರೆ ಮಾತು ಉಳಿದಿದೆ, ಹಳದಿಯೆಂದರೆ ಅರ್ಧಂಬರ್ಧ, ಕೆಂಪೆಂದರೆ ಬರೀ ಬಾಯಿಮಾತು.

ಹೆಚ್ಚಿನ ಕೇಂದ್ರಗಳವರು ಫೋನಿನಲ್ಲಿ ಗೋಳು ತೋಡಿಕೊಳ್ಳುತ್ತಿದ್ದರು. ಒಂದು ಕಡೆ ಇಂಜೆಕ್ಷನ್ ಇದ್ದರೆ ಸಿರಿಂಜ್ ಇಲ್ಲ, ಇನ್ನೊಂದು ಕಡೆ ಎಲ್ಲವೂ ಇದ್ದರೆ ಬೀರುವಿನ ಕೀಲಿ ಇಲ್ಲ. ಮೂವತ್ತೊಂದನೇ ನಂಬರಿನ ಕೇಂದ್ರ ಮಾತ್ರ ಅಪ್ಪಟ ಚಿನ್ನ. ಎರಡನೇ ರಿಂಗಿಗೇ ಫೋನ್ ಎತ್ತುತ್ತಿದ್ದ ಅಲ್ಲಿನ ಹೆಂಗಸು, "ಎಲ್ಲಾ ಇದೆ ಅಕ್ಕ, ಬರ್ಕೊಳ್ಳಿ," ಎಂದು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು. ನಡುವೆ, "ಮೊಣಕಾಲು ನೋವು ಹೇಗಿದೆ ಅಕ್ಕ?" ಎಂದು ವಿಚಾರಿಸುತ್ತಿದ್ದಳು. ವಾರಕ್ಕೆ ಏಳು ನಿಮಿಷದ ಆ ಮಾತಿಗೆ ಸಿಸ್ಟರಮ್ಮ ಕಾಯುವಂತಾಗಿತ್ತು.

ಆದರೂ ತಲೆಗೆ ಅನುಮಾನದ ಹುಳವೊಂದು ಹೊಕ್ಕಿತ್ತು. ಯಾವ ಕೇಂದ್ರದಲ್ಲಾದರೂ ಒಂದು ವಾರ ಹೆಂಗಸರು ಹೆಚ್ಚು ಬರುತ್ತಾರೆ, ಒಂದು ವಾರ ಕಡಿಮೆ. ಮೂವತ್ತೊಂದರಲ್ಲಿ ಮಾತ್ರ ವಾರಕ್ಕೆ ಎರಡೇ ಇಂಜೆಕ್ಷನ್ ಕೊಟ್ಟ ಲೆಕ್ಕ, ತಪ್ಪದೆ ಎರಡು. ವಾರ್ಷಿಕ ವರದಿಗೆ ಒಂಬತ್ತು ದಿನ ಉಳಿದಿದ್ದಾಗ, ಮಂಗಳವಾರ ಬೆಳಿಗ್ಗೆ, ಸಿಸ್ಟರಮ್ಮ ನಮೂನೆಯಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು.

"ಸಿಸ್ಟರ್, ಮೂರು ವಾರದ ಮಗು ಇರೋ ಬಾಣಂತಿ ಇಂಜೆಕ್ಷನ್ ಕೇಳ್ಕೊಂಡು ಬಂದ್ರೆ ನೀವು ಕೊಡ್ತೀರಾ?"

ಹಾಲೂಡುವ ತಾಯಿಗೆ ಆರು ವಾರ ಕಳೆಯಬೇಕು ಎನ್ನುವುದು ನರ್ಸ್ ಆದವಳಿಗೆ ಯಾರನ್ನೂ ಕೇಳದೆ ಬಾಯಿಗೆ ಬರುವ ಉತ್ತರ. ಆ ಕಡೆ ಮಗ್ಗಿ ತಪ್ಪಿತು. ಆಮೇಲೆ, "ಕೇಳಿ ಹೇಳ್ತೀನಿ ಅಕ್ಕ."

"ಯಾರನ್ನ ಕೇಳ್ತೀರಿ?"

ಫೋನ್ ಕಟ್ಟಾಯಿತು.

ಆ ದಿನವಿಡೀ ಸಿಸ್ಟರಮ್ಮನ ಕಾಲು ಒಂದೆಡೆ ನಿಲ್ಲಲಿಲ್ಲ. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಪಟ್ಟಿಗೆ ಓಡಾಡಿದರು. ಪಟ್ಟಿಯಲ್ಲಿ ಮೂವತ್ತೊಂದರ ಮುಂದೆ ಹಸಿರು ಚುಕ್ಕಿ ಕೂತಿತ್ತು, ಒಂದು ವರ್ಷದಿಂದ ಕೂತೇ ಇತ್ತು. ಕಚೇರಿಯ ಮುಖ್ಯಸ್ಥೆ ಅವರ ಮಗಳ ವಯಸ್ಸಿನವಳು, ಲೆಕ್ಕಶಾಸ್ತ್ರ ಓದಿದವಳು. ಅವಳಿಗೆ ಹೇಳೋಣವೆಂದು ಬಾಗಿಲವರೆಗೆ ಹೋಗಿ ವಾಪಸು ಬಂದರು. ನೋಡದೆ ಏನಂತ ಹೇಳುವುದು?

ಬುಧವಾರ ರಜೆ ಹಾಕಿ ಮೊದಲ ಬಸ್ಸು ಹತ್ತಿದರು. ಎರಡು ಬಸ್ಸು, ಆಮೇಲೆ ಅರ್ಧ ಗಂಟೆಯ ನಡಿಗೆ. ಕೇಂದ್ರದ ಮೂರು ಕೋಣೆಗಳೂ ತೆರೆದಿದ್ದವು. ಅಂಗಳದಲ್ಲಿ ಒಂದು ಕಸವಿಲ್ಲ. ನೆಲ ಆಗಷ್ಟೇ ಒರೆಸಿದ್ದು, ಫಿನಾಯಿಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ, ನಲವತ್ತೈದು ದಾಟಿದ ಹೆಂಗಸೊಬ್ಬಳು ಒದ್ದೆ ಬಟ್ಟೆ ಹಿಂಡುತ್ತಿದ್ದಳು.

"ನರ್ಸ್ ಇದಾರಾ?" ಸಿಸ್ಟರಮ್ಮ ಕೇಳಿದರು.

ಬಟ್ಟೆ ಅವಳ ಕೈಯಲ್ಲೇ ನಿಂತಿತು. "ಬಂದೇಬಿಟ್ರಾ ಅಕ್ಕ," ಅಂದಳು.

ಫೋನಿನ ಅದೇ ಧ್ವನಿ. ಆಯಾ, ಅಂದರೆ ಆ ಕೇಂದ್ರದ ಕಸ ಗುಡಿಸುವವಳು, ಬೆಂಚಿನ ಮೇಲಿನ ನೀರನ್ನು ಸೆರಗಿನಿಂದಲೇ ಒರೆಸಿದಳು. "ಕೂತ್ಕೊಳ್ಳಿ. ಮೊಣಕಾಲು..."

"ಮೊಣಕಾಲು ಹಾಳಾಗ್ಲಿ. ನರ್ಸ್ ಎಲ್ಲಿ?"

ನರ್ಸನ್ನು ಹದಿನಾಲ್ಕು ತಿಂಗಳ ಹಿಂದೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಎರವಲು ಕಳಿಸಿದ್ದರು. ಕಾಗದದಲ್ಲಿ ಮಾತ್ರ ಆಕೆ ಇಲ್ಲೇ ಇದ್ದಳು. ಹೋಗುವಾಗ ಕೇಂದ್ರದ ಫೋನನ್ನು ಆಯಾಳ ಕೈಗಿಟ್ಟು, "ಯಾರಾದ್ರೂ ಮಾಡಿದ್ರೆ ಎತ್ತು," ಅಂದಿದ್ದಳು.

"ಮೊದಲ ಸಲ ಮೇಲಿನ ಆಫೀಸಿನೋರು ಫೋನ್ ಮಾಡಿದಾಗ ಇರೋದನ್ನೇ ಹೇಳ್ದೆ ಅಕ್ಕ, ನರ್ಸಿಲ್ಲ ಅಂತ. ಎರಡೇ ದಿನಕ್ಕೆ ಮೇಲ್ವಿಚಾರಕರು ಬೈಕಲ್ಲಿ ಬಂದ್ರು. 'ನಿನ್ನ ಬಾಯಿಗೆ ಬೀಗ ಇಲ್ವಾ? ಹುದ್ದೆ ಭರ್ತಿ ಇದೆ. ಯಾರು ಕೇಳಿದ್ರೂ ಇದಾರೆ ಅನ್ನು' ಅಂದ್ರು. ಹೊಳೆಯಾಚೆ ಒಂದು ಕೇಂದ್ರ ಇತ್ತು. ಅಲ್ಲಿಯೋರು ಇಲ್ಲ ಇಲ್ಲ ಅಂತ ನಿಜ ಹೇಳಿ ಹೇಳಿ, ಕೊನೆಗೆ ಕೇಂದ್ರಕ್ಕೇ ಬೀಗ ಬಿತ್ತು. ಬಾಗಿಲು ಸಮೇತ ಕಿತ್ಕೊಂಡು ಹೋದ್ರು. ಇದನ್ನೂ ಮುಚ್ಚಿದ್ರೆ ಇಲ್ಲಿಯೋರು ಎಲ್ಲಿಗೆ ಹೋಗ್ಬೇಕು?"

"ಮತ್ತೆ ಬಂದೋರಿಗೆ ಏನು ಕೊಡ್ತೀಯ?"

"ಮಾತ್ರೆ ಮುಂಚಿಂದ ತಗೊಳ್ತಿದ್ದೋರಿಗೆ ಮಾತ್ರೆ ಕೊಡ್ತೀನಿ. ಕಾಂಡೋಮ್ ಕೊಡ್ತೀನಿ. ಸೂಜಿ ಮುಟ್ಟಲ್ಲ ಅಕ್ಕ, ಮಕ್ಕಳಾಣೆ. ಪಟ್ಟಣದ ಆಸ್ಪತ್ರೇಲಿ ಶುಕ್ರವಾರ ಚುಚ್ತಾರೆ, ಅಲ್ಲಿಗೆ ಹೋಗಿ ಅಂತೀನಿ. ಹೋಗೋರು ಹೋಗ್ತಾರೆ, ಹೋಗದೆ ಇರೋರು..." ಅವಳು ಕೈಯಿಂದ ಹೊಟ್ಟೆಯ ಉಬ್ಬು ತೋರಿಸಿದಳು.

ಬೀರು ತೆಗೆದು ತೋರಿಸಿದಳು. ಒಳಗೆ ಇಂಜೆಕ್ಷನ್ ಡಬ್ಬಿಗಳು ಮಟ್ಟಸವಾಗಿ ಜೋಡಿಸಿದ್ದವು, ಅವಧಿ ಮುಗಿಯಲಿರುವವು ಮುಂದೆ, ಹೊಸವು ಹಿಂದೆ. ಜೋಡಿಸಿದ್ದು ಇದೇ ಆಯಾ, ನರ್ಸ್ ಹಿಂದೆ ಹೇಳಿಕೊಟ್ಟಿದ್ದನ್ನು ಮರೆಯದೆ. ಸಿರಿಂಜ್ ಇತ್ತು, ಹತ್ತಿ ಇತ್ತು, ರಕ್ತದೊತ್ತಡ ನೋಡುವ ಯಂತ್ರವೂ ಇತ್ತು.

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ," ಅಂದರು ಸಿಸ್ಟರಮ್ಮ. "ಇಲ್ಲಿ ಪೂಜಾರಿನೇ ಇಲ್ಲ."

ಆಯಾ ನಕ್ಕು, ನಕ್ಕಿದ್ದು ತಪ್ಪಾಯಿತೇನೋ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಹೊಲಿಗೆಯವಳು ಬಂದಳು. ಪಕ್ಕದ ಬೀದಿಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು, ಸೊಂಟದಲ್ಲಿ ಒಂದು ವರ್ಷದ ಮಗು, ಕೈ ಹಿಡಿದು ಇನ್ನೊಂದು. ಬಿಳಿ ಕೂದಲಿನ, ಕನ್ನಡಕದ ಹೊಸ ಹೆಂಗಸನ್ನು ಬೀರುವಿನ ಮುಂದೆ ನೋಡಿ ಅವಳ ಮುಖ ಅರಳಿತು. "ನರ್ಸಮ್ಮ ಬಂದ್ರಾ? ಮೂರು ಸಲ ಬಂದು ಹೋಗಿದೀನಿ ತಾಯಿ. ಶುಕ್ರವಾರ ಹೋದ್ರೆ ಒಂದು ದಿನದ ಹೊಲಿಗೆ ಹೋಗುತ್ತೆ, ಈ ಎರಡನ್ನ ಹೊತ್ಕೊಂಡು ಹೋಗಕ್ಕೂ ಆಗಲ್ಲ. ಈಗ ಇನ್ನೊಂದು ಆದ್ರೆ ನಾನು ಸತ್ತೇ ಹೋಗ್ತೀನಿ."

ಸಿಸ್ಟರಮ್ಮ, "ನಾನು ನರ್ಸಲ್ಲ, ನೋಡಕ್ಕೆ ಬಂದೋಳು," ಎಂದು ಹೇಳಬೇಕಿತ್ತು. ಬಾಯಿ ತೆರೆದರು. ಬಾಯಿಂದ ಬಂದದ್ದು, "ಕೊನೇ ಸಲ ಮುಟ್ಟಾಗಿದ್ದು ಯಾವತ್ತು?"

ಕೈ ತೊಳೆದರು. ರಕ್ತದೊತ್ತಡ ನೋಡಿದರು. ಎಲ್ಲ ಪ್ರಶ್ನೆ ಕೇಳಿದರು, ಮುಟ್ಟು ಏರುಪೇರಾಗಬಹುದೆಂದು ಹೇಳಿದರು, ಬೇರೆ ಏನೇನಿದೆ ಎಂದು ವಿವರಿಸಿದರು. ಹೊಲಿಗೆಯವಳು ಇಂಜೆಕ್ಷನ್ನೇ ಬೇಕೆಂದಳು. ಎಡತೋಳಿಗೆ ಚುಚ್ಚಿ, ಹದಿಮೂರು ವಾರ ಎಣಿಸಿ, ಮುಂದಿನ ತಾರೀಖನ್ನು ಕಾರ್ಡಿನಲ್ಲಿ ಬರೆದುಕೊಟ್ಟರು. ನರ್ಸ್ ನೋಂದಣಿಯನ್ನು ಅವರು ಅಭ್ಯಾಸಬಲದಿಂದ ನವೀಕರಿಸಿಕೊಂಡೇ ಇದ್ದರು. ಆದ್ದರಿಂದ ಕೈಗೆ ಅಧಿಕಾರವೇನೋ ಇತ್ತು. ಆದರೆ ಈ ಕೇಂದ್ರದಲ್ಲಿ ಚುಚ್ಚುವ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ.

ಹೊಲಿಗೆಯವಳು ಹೋಗಿ ಕಾಲು ಗಂಟೆಯಾಗಿಲ್ಲ, ಬಾಗಿಲಲ್ಲಿ ನಾಲ್ವರು. ಮಧ್ಯಾಹ್ನದ ಹೊತ್ತಿಗೆ ಬೆಂಚು ತುಂಬಿ ಅಂಗಳದಲ್ಲಿ ಕೂತಿದ್ದರು. ಒಬ್ಬಳಿಗೆ ರಕ್ತದೊತ್ತಡ ಏರಿತ್ತು. ಅವಳಿಗೆ ಕೊಡದೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಕೊನೆಯ ಬಸ್ಸಿಗೆ ಓಡುವಾಗ ಇಂಜೆಕ್ಷನ್ ತಗೊಂಡು ಕಾರ್ಡು ಬರೆಸಿಕೊಂಡವರು ಹನ್ನೊಂದು ಜನ. ಬಸ್ಸಿನಲ್ಲಿ ಮೊದಲು ಮೈಯೆಲ್ಲ ಹಗುರವಾಗಿತ್ತು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಆ ಹಗುರ ಇಳಿದುಹೋಯಿತು. ತಾನು ಮಾಡಿದ್ದೇನು? ಹದಿಮೂರು ವಾರ ಕಳೆದ ಮೇಲೆ ಆ ಹನ್ನೊಂದು ಜನಕ್ಕೆ ಕೊಡುವವರು ಯಾರು?

ಮರುದಿನ ಮುಖ್ಯಸ್ಥೆ ಎಲ್ಲವನ್ನೂ ಕೇಳಿ, ಪೆನ್ನು ಕೆಳಗಿಟ್ಟಳು.

"ಸಿಸ್ಟರಮ್ಮ, ನಿಮ್ಮನ್ನ ಎಣಿಸಕ್ಕೆ ಇಟ್ಕೊಂಡಿದ್ದು. ಇನ್ನೊಂದು ವಾರಕ್ಕೆ ಸರ್ಕಾರ ಸಭೆ ಕರೆದು ನಾಲ್ಕನೇದು ಹಸಿರು, ನೂರಕ್ಕೆ ತೊಂಬತ್ತನಾಲ್ಕು ಅನ್ನುತ್ತೆ. ನಾವು ಇಲ್ಲ ಅಂತ ಹೇಳಕ್ಕೆ ಹೊರಟ್ರೆ, 'ಇವರೇ ಹೋಗಿ ಸೂಜಿ ಚುಚ್ಚಿ ಬಂದೋರು, ಇವರ ಅಳತೆ ಏನು ನಂಬೋದು' ಅಂತಾರೆ. ಅಳೆಯೋ ಕೋಲು ಹೊಲ ಉಳೋಕೆ ಹೋದ್ರೆ ಹೇಗೆ?"

"ತಪ್ಪಾಯ್ತು ಮೇಡಂ," ಅಂದರು ಸಿಸ್ಟರಮ್ಮ. "ಆದ್ರೆ ಮತ್ತೆ ಅಲ್ಲಿ ನಿಂತಿದ್ರೂ ಅದೇ ಮಾಡ್ತಿದ್ದೆ. ಅದಕ್ಕೇ ನನ್ನನ್ನ ಈ ಕೆಲಸದಲ್ಲಿ ಇಟ್ಕೋಬೇಡಿ. ಏಳು ದಿನ ಮಾತ್ರ ಕೊಡಿ. ಆ ಬಾಣಂತಿ ಪ್ರಶ್ನೆ ಇದೆಯಲ್ಲ, ಅದನ್ನ ನಲವತ್ತೆಂಟು ಕಡೆನೂ ಕೇಳ್ತೀನಿ."

ಮುಖ್ಯಸ್ಥೆ ಎದ್ದು ಮೂವತ್ತೊಂದರ ಹಸಿರು ಚುಕ್ಕಿಯನ್ನು ಉಗುರಿನಿಂದ ಕೆರೆದು ತೆಗೆದಳು. "ಫೋನ್ ನೀವು ಮಾಡಿ. ಹೋಗಿ ನೋಡೋದು ನಾನು. ನೀವು ಈ ಕುರ್ಚಿ ಬಿಟ್ಟು ಏಳ್ಬಾರ್ದು."

ಏಳು ದಿನ ಸಿಸ್ಟರಮ್ಮ ಆ ಕುರ್ಚಿಯಲ್ಲಿ ಕೂತದ್ದು ಅವರ ಜೀವಮಾನದ ಸಾಧನೆ. ಮೇಜಿನ ಕೆಳಗೆ ಕಾಲು ಮಾತ್ರ ಹೊಲಿಗೆ ಮಿಷನ್ ತುಳಿದಂತೆ ಕುಣಿಯುತ್ತಿತ್ತು. ಮೂವತ್ತೊಂಬತ್ತು ಕೇಂದ್ರಗಳು ಥಟ್ಟನೆ, "ಆರು ವಾರ ಆಗ್ಲಿ ಅಂತೀವಿ," ಎಂದವು. ಒಂದೆಡೆ ನರ್ಸ್ ಸಿಟ್ಟಾಗಿ, "ನನ್ನ ಪರೀಕ್ಷೆ ಮಾಡ್ತಿದೀರಾ?" ಎಂದು ಬೈದಳು, ಸಿಸ್ಟರಮ್ಮನಿಗೆ ಬೈಗುಳ ಹಾಲು ಕುಡಿದಷ್ಟು ಸಮಾಧಾನ ಕೊಟ್ಟಿತು. ಮೂವತ್ತೊಂದೂ ಸೇರಿ ಒಂಬತ್ತು ಕಡೆ ಮಾತು ತಡವರಿಸಿತು. ಮುಖ್ಯಸ್ಥೆ ಧೂಳು ಮೆತ್ತಿಕೊಂಡು ಊರೂರು ಸುತ್ತಿ ಬಂದಳು. ಒಂಬತ್ತರಲ್ಲಿ ಆರು ಕಡೆ ನರ್ಸೇ ಇರಲಿಲ್ಲ. ಒಂದೆಡೆ ಫೋನಿಗೆ ಉತ್ತರಿಸುತ್ತಿದ್ದವನು ಕಾವಲುಗಾರ, ಹೆಣ್ಣು ಧ್ವನಿ ಮಾಡಿ.

ಆಯಾಳನ್ನು ಸಿಸ್ಟರಮ್ಮ ಫೋನಿನಲ್ಲಿ ಮೊದಲೇ ಕೇಳಿದ್ದರು. "ನಿಮ್ಮ ಕೇಂದ್ರದ ನಂಬರ್ ವರದಿಯಲ್ಲಿ ಹಾಕ್ಬೇಕು. ನಿನಗೆ ತೊಂದರೆ ಆಗ್ಬಹುದು. ಹಾಕ್ಲಾ ಬೇಡ್ವಾ, ನೀನೇ ಹೇಳು."

"ಹಾಕಿ ಅಕ್ಕ. ಇದೆ ಇದೆ ಅಂತ ಹೇಳಿ ಬಾಯಿ ಸೋತಿದೆ."

ಗುರುವಾರದ ಸಭೆ ದೊಡ್ಡ ತಣ್ಣನೆಯ ಹಾಲ್‌ನಲ್ಲಿ ನಡೆಯಿತು. ಮುಖ್ಯಸ್ಥೆ ಓದಿದಳು: ಔಷಧಿ ಇದೆ, ಕೊಡುವ ಕೈ ಎಲ್ಲೆಡೆ ಇಲ್ಲ, ಇಲ್ಲವೆನ್ನಬಾರದೆಂದು ಮೇಲಿನಿಂದಲೇ ಹೇಳಲಾಗಿದೆ. ಕೊನೆಗೆ, ಯಾರೂ ಕೇಳದಿದ್ದರೂ, ತಮ್ಮ ಕಚೇರಿಯ ಒಬ್ಬರು ಒಂದು ಕೇಂದ್ರದಲ್ಲಿ ತಾವೇ ಹನ್ನೊಂದು ಇಂಜೆಕ್ಷನ್ ಕೊಟ್ಟರು, ಆದ್ದರಿಂದ ಅವರು ಇವತ್ತಿನಿಂದ ಈ ಕೆಲಸದಲ್ಲಿಲ್ಲ ಎಂಬ ಸಾಲನ್ನೂ ಓದಿದಳು.

ಆರೋಗ್ಯ ಇಲಾಖೆಯ ಉಪ ಕಾರ್ಯದರ್ಶಿ ಮುಗುಳ್ನಕ್ಕರು. "ಹಾಗಾದ್ರೆ ಆ ದಿನ ಆ ಕೇಂದ್ರದಲ್ಲಿ ತರಬೇತಿ ಪಡೆದವರು ಇದ್ರು ಅಂತ ಆಯ್ತಲ್ಲ? ಅದು ಹಸಿರೇ ಆಗ್ಬೇಕು."

ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಸಿಸ್ಟರಮ್ಮ ಎದ್ದು ನಿಂತರು. ಯಾರೂ ಅವರನ್ನು ಕರೆದಿರಲಿಲ್ಲ.

"ಇದ್ರು ಸಾರ್. ಆಮೇಲೆ ಬಸ್ ಬಂತು, ಹೊರಟೋದ್ರು. ಆ ಹನ್ನೊಂದು ಜನಕ್ಕೆ ಮುಂದಿನ ಇಂಜೆಕ್ಷನ್ ಹದಿನಾರನೇ ತಾರೀಖು, ಬುಧವಾರ. ಆ ದಿನ ಅಲ್ಲಿ ಯಾರಿರ್ತಾರೆ? ಅಷ್ಟು ಹೇಳ್ಬಿಡಿ, ನಾನು ಕೂತ್ಕೋತೀನಿ."

ಉಪ ಕಾರ್ಯದರ್ಶಿಯ ನಗೆ ನಿಂತಿತು. ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು; ಅವರಿಗೂ ಗೊತ್ತಿರಲಿಲ್ಲ. ಉಪ ಕಾರ್ಯದರ್ಶಿ ತಾರೀಖು ಬರೆದುಕೊಂಡರು. ಸಂಜೆ ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ನಾಲ್ಕನೇ ವಾಗ್ದಾನ ಹಸಿರಾಗಿರಲಿಲ್ಲ. ಕೆಂಪೂ ಆಗಿರಲಿಲ್ಲ, ಹಳದಿ. ಮುಖ್ಯಸ್ಥೆ ಮೆಟ್ಟಿಲ ಬಳಿ ಸಿಸ್ಟರಮ್ಮನ ಕೈ ಹಿಡಿದು, "ಹಳದಿಗೇ ನನ್ನ ಆರು ವರ್ಷ ಹೋಯ್ತು," ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಸಿಸ್ಟರಮ್ಮನಿಗೆ ತಿಳಿಯಲಿಲ್ಲ.

ಮತ್ತೆ ಮನೆ, ಮತ್ತೆ ಡಬ್ಬಿಗಳು. ಸಿಸ್ಟರಮ್ಮ ಮೂವತ್ತೊಂದಕ್ಕೆ ಫೋನ್ ಮಾಡಿದರು. ರಿಂಗಾಗಿ ರಿಂಗಾಗಿ ನಿಂತಿತು. ಮರುವಾರವೂ ಅಷ್ಟೇ. ಆಯಾಳನ್ನು ಕೆಲಸದಿಂದ ತೆಗೆದರೇ? ಕೇಂದ್ರಕ್ಕೇ ಬೀಗ ಬಿತ್ತೇ? ಇಲಾಖೆಗೆ ನಾಲ್ಕು ಪತ್ರ ಬರೆದರು. ಒಂದಕ್ಕೆ, "ಪರಿಶೀಲಿಸಲಾಗುತ್ತಿದೆ," ಎಂಬ ಉತ್ತರ ಬಂತು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು, ಅವರು ಗೋಡೆಯ ಕ್ಯಾಲೆಂಡರಿನಲ್ಲಿ ವಾರ ಎಣಿಸುತ್ತಿದ್ದರು.

"ಇದೇನೇ, ಹನ್ನೊಂದು ಜನಕ್ಕೂ ನೀನೇ ಅತ್ತೆ ಆದ ಹಾಗೆ ಆಡ್ತೀಯ," ಎಂದರು ಗಂಡ.

"ಚುಚ್ಚಿದ್ದು ನಾನಲ್ವೇನ್ರೀ. ತಾರೀಖು ಬರೆದಿದ್ದೂ ನಾನೇ."

ಕಂಡಕ್ಟರು ಹೆಂಡತಿಯ ತಟ್ಟೆಗೆ ಬಿಸಿ ಸಾರು ಬಡಿಸಿ, "ಆರೂವರೆ ಬಸ್ಸಲ್ಲಿ ಹೋಗು. ಎಂಟರದ್ದು ದಾರೀಲಿ ಕೆಡುತ್ತೆ," ಅಂದರು.

ಹದಿನಾರನೇ ತಾರೀಖು ಕೇಂದ್ರದ ತಿರುವಿಗೆ ಬಂದಾಗ ಸಿಸ್ಟರಮ್ಮ ಬಹುತೇಕ ಓಡುತ್ತಿದ್ದರು. ಬಾಗಿಲು ತೆರೆದಿತ್ತು. ಆಯಾ ಮೆಟ್ಟಿಲಲ್ಲೇ ಎದುರಾಗಿ ಎರಡೂ ಕೈ ಹಿಡಿದುಕೊಂಡಳು.

"ಹೊಸ ನರ್ಸ್ ಬಂದಿದಾರೆ ಅಕ್ಕ! ಎರಡು ವಾರ ಆಯ್ತು. ಸೋಮವಾರ, ಬುಧವಾರ ಬರ್ತಾರೆ, ಎರಡು ಗಂಟೆವರೆಗೆ. ನನಗೆ ಒಂದು ನೋಟೀಸ್ ಕೊಟ್ರು, ಅಷ್ಟೇ. ಫೋನ್ ಮಾತ್ರ ಮುಟ್ಟೋ ಹಾಗಿಲ್ಲ."

"ಮತ್ತೆ ಆ ಸಿಸ್ಟರ್ ಯಾಕೆ ಎತ್ತಲ್ಲ?"

"ಅವರಿಗೆ ಪುರುಸೊತ್ತೆಲ್ಲಿ?"

ನಿಜವಾದ ನರ್ಸ್ ಬಂದಳು, ಫೋನಿಗೆ ಉತ್ತರ ನಿಂತಿತು. ಗೋಡೆಯ ಪಟ್ಟಿಯಲ್ಲಿ ಮೂವತ್ತೊಂದರ ಮುಂದೆ ಈಗ, "ಸಂಪರ್ಕಕ್ಕೆ ಸಿಗಲಿಲ್ಲ," ಎಂದಿರುತ್ತದೆ. ಮುಖ್ಯಸ್ಥೆಗೆ ಹೇಳಬೇಕು ಅಂದುಕೊಂಡರು ಸಿಸ್ಟರಮ್ಮ.

ಒಳಗಿದ್ದ ನರ್ಸ್ ಮೂವತ್ತರೊಳಗಿನವಳು, ಹುಬ್ಬು ಗಂಟಿಕ್ಕಿಕೊಂಡೇ ಕೆಲಸ ಮಾಡುವವಳು. "ಸರದಿಯಲ್ಲಿ ಬನ್ನಿ ಅಜ್ಜಿ," ಎಂದು ಗದರಿದಳು. ಸಿಸ್ಟರಮ್ಮ ಬೆಂಚಿನ ತುದಿಯಲ್ಲಿ ಕೂತು ಬಂದವರನ್ನು ಎಣಿಸಿದರು. ಹನ್ನೆರಡೂವರೆಗೆ ಒಂಬತ್ತು. ಒಂದು ಗಂಟೆಗೆ ಹತ್ತು. ಒಂದೂವರೆಯಾದರೂ ಹೊಲಿಗೆಯವಳ ಸುಳಿವಿಲ್ಲ.

"ಅವಳ ಮನೆ ತೋರಿಸು," ಎಂದು ಆಯಾಳನ್ನು ಎಬ್ಬಿಸಿದರು.

ಹೊಲಿಗೆಯವಳ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆ ಶುರುವಾಗಲು ಐದು ದಿನ ಇತ್ತು. ನೆಲದ ತುಂಬ ನೀಲಿ ಸಮವಸ್ತ್ರ. "ಅಯ್ಯೋ, ಇವತ್ತಾ? ನಾಳೆ ಬರ್ತೀನಿ ತಾಯಿ. ಈ ಆರು ಅಂಗಿ ಸಂಜೆಯೊಳಗೆ ಕೊಡ್ಬೇಕು," ಎಂದಳು, ಮಿಷನ್ ತುಳಿಯುವ ಕಾಲು ನಿಲ್ಲಿಸದೆ.

"ನಾಳೆ ಅಲ್ಲಿ ಯಾರೂ ಇರಲ್ಲ ಕಣಮ್ಮ. ಬರೋದು ಸೋಮವಾರ, ಆಗ ನಿನ್ನ ಶಾಲೆ ಗಲಾಟೆ. ಹಾಗೇ ಮುಂದಕ್ಕೆ ಹೋಗುತ್ತೆ. ಏಳು."

"ಗುಂಡಿ ಹಾಕೋದು ಬಾಕಿ ಇದೆ..."

"ಗುಂಡಿ ನಾನು ಹಾಕ್ತೀನಿ, ಮಕ್ಕಳನ್ನೂ ನೋಡ್ಕೊತೀನಿ," ಎಂದು ಆಯಾ ಚಾಪೆಯ ಮೇಲೆ ಕೂತೇಬಿಟ್ಟಳು. "ನೀನು ಹೋಗು."

ಇಬ್ಬರೂ ಬೀದಿಗಿಳಿದಾಗ ಎರಡಕ್ಕೆ ಹತ್ತು ನಿಮಿಷ. ಹೊಲಿಗೆಯವಳ ರವಿಕೆಯ ಅಂಚಿಗೆ ಗುಂಡುಪಿನ್ನುಗಳು ಸಿಕ್ಕಿಕೊಂಡೇ ಇದ್ದವು. ಮೊಣಕಾಲು ಕಿತ್ತು ಬರುತ್ತಿದ್ದರೂ ಸಿಸ್ಟರಮ್ಮ ಮುಂದೆ ಮುಂದೆ ನಡೆದರು. ಕೇಂದ್ರದ ಅಂಗಳ ತಲುಪಿದಾಗ ನರ್ಸ್ ಚೀಲ ಹೆಗಲಿಗೇರಿಸಿ ಬೀಗ ಹಾಕುತ್ತಿದ್ದಳು.

"ಟೈಮ್ ಆಯ್ತು. ಸೋಮವಾರ ಬನ್ನಿ."

"ಇನ್ನೂ ಎರಡು ನಿಮಿಷ ಇದೆ ಸಿಸ್ಟರ್," ಎಂದು ಸಿಸ್ಟರಮ್ಮ ಏದುಸಿರು ಬಿಟ್ಟರು.

ನರ್ಸ್ ಗಡಿಯಾರ ನೋಡಿದಳು, ಹೊಲಿಗೆಯವಳ ಬೆವರಿದ ಮುಖ ನೋಡಿದಳು. ಏನೋ ಗೊಣಗಿಕೊಂಡು ಬೀಗ ತೆಗೆದಳು. ಸಿಸ್ಟರಮ್ಮ ಹೊರಗೆ ಕಿಟಕಿಯ ಪಕ್ಕ ನಿಂತು ಕಿವಿಗೊಟ್ಟರು. ಕೊನೇ ಮುಟ್ಟು ಕೇಳಿದಳು. ತಲೆನೋವು ಬರುತ್ತಾ ಎಂದು ಕೇಳಿದಳು. ರಕ್ತದೊತ್ತಡದ ಯಂತ್ರ ಉಸ್ಸೆಂದಿತು. ಇದೇ ಬೇಕಾ, ಬೇರೆದೂ ಇದೆ ಎಂದಳು. ಒಂದು ಪ್ರಶ್ನೆಯೂ ತಪ್ಪಲಿಲ್ಲ. ಆಮೇಲೆ, ಕಾರ್ಡಿನ ಮೇಲೆ ಪೆನ್ನು ಆಡಿಸುತ್ತ, "ಮೂರು ತಿಂಗಳಿಗೆ, ಮತ್ತೆ ಹದಿನಾರನೇ ತಾರೀಖು ಬನ್ನಿ," ಎಂದಳು.

"ಅದು ಗುರುವಾರ ಬರುತ್ತೆ ಸಿಸ್ಟರ್," ಎಂದು ಕಿಟಕಿಯಿಂದ ಧ್ವನಿ ಕೇಳಿತು. "ನೀವು ಇರಲ್ಲ."

ನರ್ಸ್ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದಳು. ಹದಿನಾರನ್ನು ಹೊಡೆದು ಹದಿನೈದು ಎಂದು ಬರೆದಳು. ಆಮೇಲೆ ಮುಂಚೆ ಬಂದು ಹೋದ ಹತ್ತು ಜನರ ರಿಜಿಸ್ಟರ್ ತೆರೆದು, ಅಲ್ಲೂ ಒಂದೊಂದಾಗಿ ತಿದ್ದತೊಡಗಿದಳು. ತಿದ್ದುತ್ತಲೇ, "ಅಜ್ಜಿ, ನೀವ್ಯಾರು?" ಎಂದು ಕೇಳಿದಳು.

"ಬಸ್ಸಿಗೆ ಕಾಯ್ತಿದೀನಿ ಅಷ್ಟೇ," ಎಂದರು ಸಿಸ್ಟರಮ್ಮ. "ಆ ಹತ್ತು ಜನಕ್ಕೆ ತಾರೀಖು ಬದಲಾಗಿದ್ದು ಹೇಳೋರು ಯಾರು? ಮನೆ ನನಗೆ ಗೊತ್ತಿಲ್ಲ, ಆಯಾಗೆ ಗೊತ್ತು. ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ."